ಅಳುವ ಗಂಡಸೂ ನಗುವ ಹೆಂಗಸೂ

ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದೆಂದು ನಮ್ಮ ಹಿರಿಯರು ಗಾದೆ ಕಟ್ಟಿ ಹೋದರು. ಗಾದೆ ವೇದಕ್ಕೆ ಸಮಾನವೆಂಬುದನ್ನು ಈ ಒಂದು ಪ್ರಸಂಗದಲ್ಲಾದರೂ ನಾನು ಒಪ್ಪಲಾರೆ. ಆದರೂ ಮನೋವ್ಯಾಧಿಗೆ ಚಿಕಿತ್ಸೆ ಪಡೆಯುವ ವಿಷಯದಲ್ಲಿ ಸಮಾಜವು ಸ್ತ್ರೀಪುರುಷರಿಗೆ ಹಂಚಿಕೊಟ್ಟಿರುವ ಪಾತ್ರಗಳೆಂಥವೆಂಬುದನ್ನು ಇಷ್ಟು ಸಂಕ್ಷೇಪವಾಗಿ ತಿಳಿಸುವ ಮಾತು ಇನ್ನೊಂದು ದೊರೆಯಲಾರದು. ಗಂಡಸು ತನಗೆ ತೋಚಿದಲ್ಲಿಗೆ ಹೋಗಬಲ್ಲನು, ಆದರೆ ಹೋದಲ್ಲಿ ಅಳುವಂತಿಲ್ಲ. ಹೆಂಗಸು ಅತ್ತರೆ ಯಾರ ಅಡ್ಡಿಯೂ ಇಲ್ಲ, ಆದರೆ ಆಸ್ಪತ್ರೆಗೆಂದು ಹೊಸ್ತಿಲು ದಾಟಬೇಕಾದರೆ ಹಿರಿಯರ ಅಪ್ಪಣೆ ಬೇಕು, ಜೊತೆಗೊಬ್ಬರು ಬೇಕು. 2023ರ ಜೂನ್‌ನಿಂದ ನಮ್ಮ ಸರ್ಕಾರಿ ಬಸ್ಸಿನಲ್ಲಿ ಆಕೆ ಟಿಕೆಟ್ಟಿಗೆ ಹಣ ಕೊಡಬೇಕಾಗಿಲ್ಲವೇನೋ ನಿಜ. ಎಲ್ಲಿಗೆ, ಏತಕ್ಕೆ ಎಂಬ ಮನೆಯವರ ಪ್ರಶ್ನೆಗೆ ಮಾತ್ರ ಉತ್ತರ ಕೊಡಲೇಬೇಕು.

ಖಿನ್ನತೆಯೂ ಆತಂಕವೂ ಸ್ತ್ರೀಯರಲ್ಲಿಯೇ ಅಧಿಕವೆಂದು ನಾನಾ ದೇಶಗಳ ಸಮೀಕ್ಷೆಗಳು ಹೇಳುತ್ತ ಬಂದಿವೆ. ಹೀಗಿದ್ದೂ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಡುವ ಲೆಕ್ಕದಂತೆ, 2022ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ಮೃತರಾದ 1,70,924 ಮಂದಿಯಲ್ಲಿ ಪುರುಷರು 1,22,724, ಸ್ತ್ರೀಯರು 48,172. ಆ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು, ಎಂದರೆ 25,309 ಮಂದಿ, ಗೃಹಿಣಿಯರು. ಈ ಸಾವುಗಳಿಗೆ ಸಾಲ, ಕುಡಿತ, ಗೃಹಕಲಹ ಮೊದಲಾದ ಕಾರಣಗಳು ಹಲವುಂಟು. ಬೇಕಾದ ಹೊತ್ತಿನಲ್ಲಿ ಬಾಯಿಬಿಟ್ಟು ಸಹಾಯ ಕೇಳಲಾರದಿರುವುದೂ ಅವುಗಳಲ್ಲಿ ಒಂದು.

ಮನಸ್ಸಿನ ಸಂಕಟವು ನೇರವಾಗಿ ಬಾರದೆ ಯಾವುದಾದರೊಂದು ವೇಷ ಧರಿಸಿ ಬರುವುದೆಂಬುದನ್ನು ನಮ್ಮ ನಾಡಿನ ಜನ ಮನೋವೈದ್ಯರಿಗಿಂತ ಬಹಳ ಮುಂಚೆಯೇ ಅರಿತಿದ್ದರು. ಕರಾವಳಿಯ ಕೋಟದಲ್ಲಿ ಅಧ್ಯಯನ ನಡೆಸಿ 1976ರಲ್ಲಿ ಗ್ರಂಥ ಪ್ರಕಟಿಸಿದ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು, ಅಲ್ಲಿಯವರು ವೈದ್ಯ, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ ಈ ಮೂವರ ಬಳಿಗೂ, ಇಂಗ್ಲಿಷ್ ಮದ್ದಿನ ಡಾಕ್ಟರರ ಬಳಿಗೂ ಯಾವ ವಿರೋಧವನ್ನೂ ಎಣಿಸದೆ ಹೋಗಿಬರುತ್ತಿದ್ದುದನ್ನು ಕಂಡರು. ಅಲ್ಲಿಂದ ತೆಂಕಣಕ್ಕೆ ತುಳುನಾಡಿನಲ್ಲಿ ಸಿರಿ ಎಂಬ ದೈವದ ಹೆಸರಿನ ಸಿರಿಜಾತ್ರೆಯುಂಟು. ಹುಣ್ಣಿಮೆಯ ರಾತ್ರಿ ಹಿಂಗಾರವನ್ನು ಕೈಯಲ್ಲಿ ಹಿಡಿದು ಆವೇಶಗೊಂಡ ಹೆಂಗಸು, ಮನೆಯಲ್ಲಿ ಆಡಿದ್ದರೆ ಹೊಡೆತಕ್ಕೆ ಗುರಿಯಾಗುತ್ತಿದ್ದ ಮಾತುಗಳನ್ನು ಅಲ್ಲಿ ಸಿರಿಯಾಗಿ ಆಡುತ್ತಾಳೆ. ಸಿರಿಯ ಮಗ ಕುಮಾರನಾಗಿ ನಿಂತವನು ಆಕೆಯನ್ನು ಪ್ರಶ್ನಿಸಿ, ಸಂತೈಸುತ್ತಾನೆ. ಮನೆಯವರು ಕೈಮುಗಿದು ಕೇಳುತ್ತಾರೆ. ತುಳು ಕಥನಗೀತೆಯಾದ ಪಾಡ್ದನದ ಸಿರಿಯೂ ಗಂಡನನ್ನು ತೊರೆದು ಹೊರಟವಳೇ ಎಂಬುದನ್ನು ಇಲ್ಲಿ ಮರೆಯಲಾಗದು. ಉಲ್ಬಣಗೊಂಡ ವ್ಯಾಧಿಗಳು ಈ ಜಾತ್ರೆಯಿಂದ ವಾಸಿಯಾಗುವುವೆಂದು ನನ್ನ ಅಭಿಪ್ರಾಯವಲ್ಲ. ಒಂದು ರಾತ್ರಿಯ ಮಟ್ಟಿಗಾದರೂ ಹೆಂಗಸಿನ ಮಾತಿಗೆ ಅಧಿಕಾರ ದೊರೆಯಿತಲ್ಲ ಎಂಬುದಷ್ಟೇ.

ಜಾತ್ರೆಯಿಲ್ಲದ ಊರುಗಳಲ್ಲಿ ದೇಹವೇ ಆ ಕೆಲಸವನ್ನು ಮಾಡಬೇಕು. ಸುಸ್ತು, ಸೊಂಟನೋವು, ಬಿಳಿಸೆರಗು ಎಂದು ಹೇಳಿಕೊಂಡು ಆರೋಗ್ಯ ಕೇಂದ್ರಕ್ಕೆ ಬರುವವಳಿಗೆ ಶಕ್ತಿಯ ಮಾತ್ರೆ ಕೊಟ್ಟು ಕಳುಹಿಸುವುದು ವಾಡಿಕೆ. ಗೋವೆಯಲ್ಲಿ ಮನೋವೈದ್ಯ ವಿಕ್ರಮ್ ಪಟೇಲರೂ ಅವರ ಸಂಗಡಿಗರೂ ನಡೆಸಿದ ಸಂಶೋಧನೆಯಾದರೋ, ಬಿಳಿಸೆರಗಿನ ದೂರಿಗೆ ಸೋಂಕಿಗಿಂತ ಮನಸ್ಸಿನ ಸಂಕಟದೊಡನೆಯೇ ನಿಕಟವಾದ ಸಂಬಂಧವಿದೆಯೆಂದು ತೋರಿಸಿತು. ಆದರೆ ಅದನ್ನು ಮನಸ್ಸಿನ ಕಾಯಿಲೆಯೆಂದು ಕರೆಯಲು ಯಾರು ಒಪ್ಪುವರು? ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಇಕ್ಕಟ್ಟಿನಲ್ಲಿ ಹೆಚ್ಚಾಗಿ ಸಿಲುಕುವವಳು ಹುಡುಗಿಯೇ. ಮದುವೆಯಾದ ಮೇಲೂ ಭಯ ತಪ್ಪದು: 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಮಾನಸಿಕ ಅಸ್ವಾಸ್ಥ್ಯವು ವಿಚ್ಛೇದನಕ್ಕೆ ಒಂದು ಆಧಾರ. ರೋಗಕ್ಕೊಂದು ಹೆಸರಿದ್ದ ಮಾತ್ರಕ್ಕೆ ಸಾಲದು, ಅದರ ತೀವ್ರತೆಯನ್ನು ನೋಡಬೇಕೆಂದು ಸುಪ್ರೀಂ ಕೋರ್ಟು 1988ರಲ್ಲಿಯೇ ತೀರ್ಪಿತ್ತಿದೆ. ಆದರೆ ಸೊಸೆಯನ್ನು ತವರಿಗೆ ಅಟ್ಟಬಯಸುವ ಅತ್ತೆಮಾವಂದಿರಿಗೆ ಸುಪ್ರೀಂ ಕೋರ್ಟಿನ ತೀರ್ಪು ಬೇಕಿಲ್ಲ, ಮಾತ್ರೆಯ ಚೀಟಿಯೊಂದು ಸಿಕ್ಕಿದರೆ ಸಾಕು.

ಗಂಡಸಿನ ಸಂಕಟಕ್ಕೂ ವೇಷಗಳುಂಟು. ಗ್ಯಾಸ್ಟ್ರಿಕ್ ಎಂದೋ ನರದ ವೀಕ್ನೆಸ್ ಎಂದೋ ಅವನು ಹೇಳಿಕೊಂಡಾನು. ಹರೆಯದವನಾದರೆ ಧಾತು ಹೋಗುತ್ತಿದೆಯೆಂದು ಹೆದರಿಕೊಂಡು ಬಂದಾನು. ಈ ಕೊನೆಯದಕ್ಕೆ ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಅದಕ್ಕೆ ಎಷ್ಟೋ ಮುಂಚಿನಿಂದಲೂ ಗುಪ್ತರೋಗದ ಪಂಡಿತರು ಅದೇ ಭಯವನ್ನು ನಂಬಿ ಹೊಟ್ಟೆ ಹೊರೆದುಕೊಂಡು ಬಂದಿದ್ದಾರೆ. ಎಲ್ಲಕ್ಕಿಂತ ದೊಡ್ಡ ವೇಷವೆಂದರೆ ಕುಡಿತ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಗೆ ಗಂಡಸರು ಬರುವುದು ಕುಡಿತ ಬಿಡುವುದಕ್ಕೆಂದು. ಖಿನ್ನತೆಯ ಶಿಬಿರವೆಂದು ಹೆಸರಿಟ್ಟಿದ್ದರೆ ಅವರಲ್ಲಿ ಎಷ್ಟು ಮಂದಿ ಬರುತ್ತಿದ್ದರೆಂದು ನನಗೆ ಸಂದೇಹ. ಆ ಬರುವವರನ್ನಾದರೂ ಒಪ್ಪಿಸಿ ಹೊರಡಿಸುವವಳು ಬಹುಮಟ್ಟಿಗೆ ಹೆಂಡತಿ, ಇಲ್ಲವೇ ತಾಯಿ. ರೋಗ ಯಾರದಾದರೂ ಅದಕ್ಕಾಗಿ ಓಡಾಡುವುದು ಹೆಂಗಸಿನ ಪಾಲಿಗೆ ಬಂದಿದೆ. ಅವಳ ರೋಗಕ್ಕೆ ಓಡಾಡುವವರಿಲ್ಲ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡು ನಮ್ಮ ರಾಜ್ಯದಲ್ಲಿದೆ. ನಿಮ್ಹಾನ್ಸಿನ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು, ಜೊತೆಗೆ ಯಾರನ್ನೂ ಕರೆದೊಯ್ಯಬೇಕಾಗಿಲ್ಲ, ಎದುರಿಗಿರುವವರ ಮುಖ ನೋಡಿ ನಾಚಬೇಕಾಗಿಲ್ಲ. ಬಾಣಂತಿಯಾದ ಹೆಂಗಸಿನ ಮನೆಗಾದರೂ ಆಶಾ ಕಾರ್ಯಕರ್ತೆ ಹೋಗಿ ಹೇಗಿದ್ದೀಯಮ್ಮ ಎಂದು ವಿಚಾರಿಸುವುದುಂಟು. ನಲವತ್ತು ದಾಟಿದ ಗಂಡಸನ್ನು ಹಾಗೆ ಕೇಳುವವರು ವಿರಳ. ಸದ್ಯಕ್ಕೆ ಆ ದೂರವಾಣಿ ಸಂಖ್ಯೆಯನ್ನು ಹಾಲಿನ ಡೈರಿ, ಆಟೋ ನಿಲ್ದಾಣ, ಸಹಕಾರ ಸಂಘಗಳ ಬಳಿ ದಪ್ಪಕ್ಷರದಲ್ಲಿ ಬರೆಸಬಹುದು. ಗೋಡೆ ಸಾಲದಿದ್ದರೆ ಗುಪ್ತರೋಗದ ಜಾಹೀರಾತುಗಳಲ್ಲಿ ಕೆಲವನ್ನು ಅಳಿಸಿದರಾಯಿತು.