ಸೂಜಿ ಚುಚ್ಚಿದ್ದಕ್ಕೂ ಪುಸ್ತಕವೇ?

ಗಾರ್ಮೆಂಟ್ಸ್‌ನಲ್ಲಿ ಬೆರಳಿಗೆ ಸೂಜಿ ಹೊಕ್ಕರೂ ಸೂಪರ್‌ವೈಸರ್ ಅಪಘಾತ ಪುಸ್ತಕದಲ್ಲಿ ಬರೆಯಬೇಕಂತೆ. ಯಾಕೆ?

ಮೊದಲು ಚಿಕಿತ್ಸೆ, ಆಮೇಲೆ ಬರಹ. ಆದರೆ ಅದೇ ದಿನ. ಸೂಜಿಯ ಚೂರು ಒಳಗೇ ಉಳಿದು ವಾರದ ಮೇಲೆ ಬೆರಳು ಕೀವುಗಟ್ಟಿದರೆ, ಗಾಯ ಕೆಲಸದಲ್ಲೇ ಆದದ್ದೆಂದು ತೋರಿಸಲು ಸಮಯ, ಯಂತ್ರ, ಸಾಕ್ಷಿಗಳ ಹೆಸರು ಬೇಕು. ಬಸ್ ಟಿಕೆಟ್ಟಿನ ಹಾಗೆ: ಹತ್ತಿದಾಗಲೇ ತೆಗೆದುಕೊಳ್ಳಬೇಕು, ಚೆಕಿಂಗಿನವರು ಬಂದ ಮೇಲಲ್ಲ. ಮುರಿದ ಸೂಜಿಯ ಚೂರುಗಳನ್ನು ಹುಡುಕಿ ರಿಜಿಸ್ಟರಿಗೆ ಅಂಟಿಸುವ ಕಾರ್ಖಾನೆಗಳಲ್ಲೂ ಬೆರಳಿನ ಲೆಕ್ಕಕ್ಕೆ ಅಷ್ಟು ಶ್ರದ್ಧೆ ಇರುವುದಿಲ್ಲ, ಬಿಡಿ.

ಪುಸ್ತಕದ ಈ ವಿವರಗಳಿಂದಲೇ ಕಾರ್ಮಿಕರ ವಿಮೆಯಾದ ಇಎಸ್‌ಐಗೆ ಅಪಘಾತ ವರದಿ ಹೋಗುತ್ತದೆ. ಅಲ್ಲಿ ಒಪ್ಪಿದರೆ, ಕೆಲಸ ಮಾಡಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ ಶೇ. 90ರಷ್ಟು ಸಿಗುತ್ತದೆ, ಸಾಮಾನ್ಯ ಕಾಯಿಲೆಯ ರಜೆಗಾದರೆ ಶೇ. 70. ‘ಮನೆಯಲ್ಲಿ ಚುಚ್ಚಿತು ಅನ್ನಮ್ಮ’ ಎಂದು ಸೂಪರ್‌ವೈಸರ್ ಹೇಳಿಕೊಟ್ಟರೆ ಕೆಲಸಗಾರ್ತಿಗೆ ತಪ್ಪಿಹೋಗುವುದು ಈ ವ್ಯತ್ಯಾಸದ ಹಣ.