ನದಿಗೂ ಕಡಲಿಗೂ ನಡುವೆ: ಉಳ್ಳಾಲ

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟು ನೇತ್ರಾವತಿಯ ಸೇತುವೆಯನ್ನು ದಾಟಿದರೆ ಉಳ್ಳಾಲದ ಸೀಮೆ. ಉತ್ತರಕ್ಕೆ ನದಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಇವೆರಡೂ ಕೂಡುವ ಅಳಿವೆಯವರೆಗೆ ಚಾಚಿದ ಮರಳಿನ ನಾಲಿಗೆಯೇ ಕೋಟೆಪುರ. ಶಿರಾ, ಪಾವಗಡಗಳ ಕಡೆಯವರಿಗೆ ನೀರೆಂದರೆ ಕರೆದರೂ ಬಾರದ ಅತಿಥಿ. ಇಲ್ಲಿಯವರಿಗೆ ಅದು ಕರೆಯದೆಯೇ ಬಾಗಿಲಿಗೆ ಬರುವ ನೆಂಟ.

ಇಂದು ಮಂಗಳೂರಿನ ಉಪನಗರವೆನಿಸಿದ ಈ ಊರು ಒಂದು ಕಾಲಕ್ಕೆ ತಾನೇ ರಾಜಧಾನಿಯಾಗಿತ್ತು. ಅಳಿಯಸಂತಾನದ ಕಟ್ಟಿಗೆ ಒಳಪಟ್ಟ ಜೈನ ಅರಸುಮನೆತನವಾದ ಚೌಟರು ಇಲ್ಲಿಂದ ಆಳಿದರು. ಹದಿನಾರನೆಯ ಶತಮಾನದಲ್ಲಿ ಕಪ್ಪ ಕೇಳಿದ ಪೋರ್ಚುಗೀಸರಿಗೆ ಮಣಿಯದೆ ನಿಂತವಳು ರಾಣಿ ಅಬ್ಬಕ್ಕ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಮಣೇಲಿನಲ್ಲಿ ಕಂಡ ಉಳ್ಳಾಲದ ರಾಣಿಯು ಸಾದಾ ಉಡುಗೆಯಲ್ಲಿ, ಬರಿಗಾಲಿನಲ್ಲಿ ನಡೆದು ಬಂದಿದ್ದಳಂತೆ. 2012ರಲ್ಲಿ ಭಾರತೀಯ ತಟರಕ್ಷಣಾ ಪಡೆಯನ್ನು ಸೇರಿದ ಹಡಗೊಂದು ಅಬ್ಬಕ್ಕನ ಹೆಸರನ್ನೇ ಹೊತ್ತಿದೆ.

ಊರಿನ ಶೀಲವನ್ನು ತಿಳಿಯಬೇಕಾದರೆ ಬೀದಿಯ ಮಾತಿಗೆ ಕಿವಿಗೊಡಬೇಕು. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡಗಳು ಒಂದೇ ಅಂಗಡಿಯ ಮುಂದೆ ಕಲೆಯುತ್ತವೆ. ಕಡಲ ಬಂಡೆಯ ಮೇಲೆ ಸೋಮೇಶ್ವರನ ಗುಡಿ, ಇತ್ತ ಚೀರುಂಬಾ ಭಗವತಿಯ ಕ್ಷೇತ್ರ, ಸೈಯದ್ ಮದನಿಯವರ ದರ್ಗಾ, ಪೆರ್ಮನ್ನೂರಿನ ಸಂತ ಸೆಬಾಸ್ಟಿಯನ್ನರ ಇಗರ್ಜಿ. ದರ್ಗಾದಲ್ಲಿ ಐದು ವರ್ಷಗಳಿಗೊಮ್ಮೆ ನಡೆಯುವ ಉರೂಸಿಗೆ ದೂರದೂರದಿಂದ ಜನ ಬರುತ್ತಾರೆ.

ಮೀನುಗಾರರು ಮೊಗವೀರಪಟ್ಣ, ಕೋಟೆಪುರಗಳಲ್ಲಿ ನೆಲೆಸಿದ್ದಾರೆ. ಬೀಡಿ ಕಟ್ಟುವ ಕೆಲಸ ಎಷ್ಟೋ ಮನೆಗಳ ಹೆಂಗಸರಿಗೆ ಅನ್ನ ಕೊಟ್ಟಿದೆ. ಬೆಳಗಾದರೆ ಕಚೇರಿ, ಅಂಗಡಿ, ದಕ್ಕೆಗಳಿಗೆ ಹೋಗುವವರು ತೊಕ್ಕೊಟ್ಟಿನಲ್ಲಿ ಬಸ್ಸು ಹಿಡಿದು ನದಿ ದಾಟುತ್ತಾರೆ. ಎದುರುಮುಖವಾಗಿ, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಿಗೂ 1980ರಲ್ಲಿ ಸ್ಥಾಪನೆಯಾದ ಕೊಣಾಜೆಯ ವಿಶ್ವವಿದ್ಯಾನಿಲಯಕ್ಕೂ ವಿದ್ಯಾರ್ಥಿಗಳು ಹೋಗುವ ದಾರಿಯೂ ಇದೇ. ಉಳ್ಳಾಲ ಈಗ ನಗರಸಭೆಯುಳ್ಳ ಊರು, ತಾಲ್ಲೂಕಿಗೂ ಅದರದೇ ಹೆಸರು.

ಆದರೆ ಆಷಾಢ ಕಾಲಿಟ್ಟೊಡನೆ ಕಡಲತಡಿಯ ಮನೆಗಳಿಗೆ ನಿದ್ದೆಯಿಲ್ಲ. ಅಲೆ ಮೊದಲು ಮರಳನ್ನು, ಬಳಿಕ ತೆಂಗಿನ ಬುಡವನ್ನು, ಕೊನೆಗೆ ಮನೆಯ ಗೋಡೆಯನ್ನು ಕೊರೆಯುತ್ತದೆ. ನದಿ ತರುವ ಮರಳೂ ದಡದುದ್ದಕ್ಕೆ ಅಲೆ ಸಾಗಿಸುವ ಮರಳೂ ಕೂಡಿಯೇ ಈ ತೀರವನ್ನು ಕಟ್ಟಿದವು. ಅಳಿವೆಬಾಯಲ್ಲಿ ದೋಣಿಗಳ ಹಾದಿಗಾಗಿ ಅಲೆತಡೆಗೋಡೆಗಳು ಎದ್ದ ಮೇಲೆ ಆ ಸಂಚಾರದ ಲಯ ತಪ್ಪಿತೆಂಬುದು ಬಲ್ಲವರ ಅಭಿಪ್ರಾಯ. ದಡಕ್ಕೆ ಕಲ್ಲು ಸುರಿದದ್ದಾಯಿತು. 2010ರ ದಶಕದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ನೀರಿನೊಳಗೆ ಕೃತಕ ದಿಬ್ಬಗಳೂ ಬಂದವು. ಕಾಪಾಡಿದ ಕಡೆ ದಡ ಉಳಿದರೂ ದಕ್ಷಿಣದ ಸೋಮೇಶ್ವರ, ಉಚ್ಚಿಲಗಳ ತೀರದಲ್ಲಿ ಕೊರೆತ ನಿಂತಿಲ್ಲ.

ದೂರದ ಗುಡ್ಡದಲ್ಲಿ ನಿವೇಶನ ಕೊಟ್ಟರೆ ಸಮಸ್ಯೆ ಬಗೆಹರಿಯಿತೆಂದು ಎಣಿಸುವಂತಿಲ್ಲ. ದೋಣಿಯ ಮೇಲೆ ಕಣ್ಣಿಡಲು, ಆಕಾಶವನ್ನೂ ಅಲೆಯ ಬಣ್ಣವನ್ನೂ ನೋಡಿ ಹೊರಡಲು ಮೀನುಗಾರನ ಮನೆ ಕಡಲಿಗೆ ಹತ್ತಿರವಿರಬೇಕು. ಅವನಿಗೆ ಮನೆಯನ್ನು ಕೊಡುವವರು ಕಡಲನ್ನು ಕಸಿಯಬಾರದು. ತೀರವನ್ನು ಉಳಿಸುವ ಯೋಜನೆಯಲ್ಲಿ ಎಂಜಿನಿಯರರ ಲೆಕ್ಕದಷ್ಟೇ ಅವನ ಅನುಭವಕ್ಕೂ ಬೆಲೆ ದೊರೆತರೆ, ಕಪ್ಪ ಕೇಳಿದವರಿಗೆ ಮಣಿಯದ ಈ ಊರು ಕಡಲಿಗೆ ಮಳೆಗಾಲದಲ್ಲಿ ತೆರುತ್ತಿರುವ ಕಪ್ಪವಾದರೂ ತಗ್ಗೀತು.