ಅನ್ನಕ್ಕೆ ಅಂಜುವ ಎಳೆಯರು

ಹಲವು ವರ್ಷಗಳ ಹಿಂದೆ, ಶ್ರಾವಣ ಮಾಸದಲ್ಲಿ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆ. ಹದಿಮೂರು ವಯಸ್ಸಿನ ಅವರ ಮಗಳು ಪಂಕ್ತಿಗೆ ಬರಲಿಲ್ಲ. ಸೋಮವಾರವಷ್ಟೇ ಅಲ್ಲ, ಗುರುವಾರ, ಶನಿವಾರಗಳಂದೂ ಆಕೆ ಉಪವಾಸವಿರುವಳೆಂದು ತಾಯಿ ಅಭಿಮಾನದಿಂದ ಹೇಳಿದರು. "ಎಳವೆಯಲ್ಲಿಯೇ ಎಂತಹ ನಿಷ್ಠೆ!" ಎಂದು ನಾನೂ ಹೊಗಳಿ ಬಂದೆ. ಕೆಲವು ತಿಂಗಳ ತರುವಾಯ ಆ ಹುಡುಗಿ ಶಾಲೆಯಲ್ಲಿ ಮೂರ್ಛೆ ಹೋದಳು. ಮುಟ್ಟು ನಿಂತಿತ್ತು, ನಾಡಿ ತೀರ ನಿಧಾನವಾಗಿತ್ತು. ದಪ್ಪಗಾಗುವ ಭಯವೇ ವ್ರತದ ವೇಷ ತೊಟ್ಟು ಬಂದಿತ್ತು. ದೇಹದಂಡನೆಯನ್ನು ಒಪ್ಪದ ಶರಣರ ಮಾರ್ಗವನ್ನು ಓದಿದವನಾಗಿಯೂ ನಾನು ಅದನ್ನು ಗುರುತಿಸಲಿಲ್ಲ.

ಈ ರೋಗಕ್ಕೆ ವೈದ್ಯರು ಅನೊರೆಕ್ಸಿಯ ನರ್ವೋಸ ಎನ್ನುತ್ತಾರೆ. ಲಂಡನ್ನಿನ ವೈದ್ಯ ವಿಲಿಯಂ ಗಲ್ 1870ರ ದಶಕದಲ್ಲಿ ಇಟ್ಟ ಹೆಸರಿದು. ಮಿತಿಮೀರಿ ತಿಂದು ಗುಟ್ಟಾಗಿ ವಾಂತಿ ಮಾಡಿಕೊಳ್ಳುವ ಬುಲಿಮಿಯ ಇದರ ಬಳಗದ್ದೇ.

ಹರೆಯದ ಆರಂಭದಲ್ಲಿಯೇ ಇದೇಕೆ ತಲೆಯೆತ್ತುತ್ತದೆ? ಮೈನೆರೆಯುವ ಕಾಲಕ್ಕೆ ಹೆಣ್ಣುಮಕ್ಕಳ ದೇಹದಲ್ಲಿ ಕೊಬ್ಬು ಸೇರುವುದು ಪ್ರಕೃತಿಧರ್ಮ. ಓರಗೆಯವರಿಗಿಂತ ಮೊದಲೇ ಮೈನೆರೆದವಳು ಅವರ ನಡುವೆ ದೊಡ್ಡವಳಾಗಿ ಕಾಣುತ್ತಾಳೆ. ಮದುವೆಯ ಮನೆಯಲ್ಲಿ ಯಾರೋ ಚಿಕ್ಕಮ್ಮ, "ಏನೇ, ಹೀಗೆ ಊದಿಕೊಂಡಿದ್ದೀಯ? ನಾಳೆ ಗಂಡು ಸಿಗಬೇಡವೇ?" ಎಂದು ನಗುತ್ತಾರೆ. ಆಡಿದವರು ಊಟದ ಹೊತ್ತಿಗೆ ಮರೆಯುತ್ತಾರೆ, ಕೇಳಿದವಳು ಮರೆಯುವುದಿಲ್ಲ. ರಕ್ತಸಂಬಂಧಿಗಳಲ್ಲಿ ಈ ರೋಗವಿದ್ದರೆ, ಸ್ವಭಾವತಃ ಆತಂಕವಿದ್ದರೆ, ಎಲ್ಲದರಲ್ಲಿಯೂ ಮೊದಲಿಗಳಾಗಲೇಬೇಕೆಂಬ ಹಟವಿದ್ದರೆ ಅಪಾಯ ಹೆಚ್ಚು. ಗಂಡುಮಕ್ಕಳೂ ಇದಕ್ಕೆ ಹೊರತಲ್ಲ. ತೂಕ ನೋಡಿ ಆಡಿಸುವ ಕುಸ್ತಿಯಂತಹ ಆಟಗಳಲ್ಲಿ ಅವರನ್ನೂ ಗಮನಿಸಬೇಕು.

ಬಂಧುಗಳ ಬಾಯಿ ಮಾಡುವ ಕೆಲಸವನ್ನು ಪರದೆಯೂ ಮಾಡಬಲ್ಲದು. ಮೈತುಂಬಿದ ದೇಹವನ್ನೇ ಮೆಚ್ಚುತ್ತಿದ್ದ ಫಿಜಿ ದ್ವೀಪದ ನದ್ರೋಗ ಪ್ರಾಂತಕ್ಕೆ ಟಿ.ವಿ. ಬಂದುದು 1995ರಲ್ಲಿ. ಅಮೆರಿಕದ ವಿದುಷಿ ಆನ್ ಬೆಕರ್ ಅವರು ಆಗಲೇ ಅಲ್ಲಿನ ಶಾಲಾ ಬಾಲಕಿಯರನ್ನು ಪರೀಕ್ಷಿಸಿದಾಗ ಆಹಾರದ ಬಗೆಗೆ ಅಸ್ವಸ್ಥ ಭಾವನೆಯುಳ್ಳವರು ಶೇಕಡಾ 12.7; 1998ರಲ್ಲಿ 29.2. ತೂಕವಿಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಬಳಿಕ ಶೇಕಡಾ 11.3ರಷ್ಟಾದರು. ಇಂದು ಪರದೆ ಮಕ್ಕಳ ಅಂಗೈಯಲ್ಲಿಯೇ ಇದೆ.

ಊಟ ಬಿಟ್ಟು ತೆಳ್ಳಗಾಗುವ ಮೊದಲ ಪ್ರಯತ್ನವೇ ಬಹುಮಟ್ಟಿಗೆ ರೋಗದ ಬಾಗಿಲು. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಮಂದಿ ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿ ನೋಡಿದರು. ಹಗಲಿರುಳೂ ಅವರಿಗೆ ಅನ್ನದ್ದೇ ಧ್ಯಾನ. ಮನಸ್ಸು ಕುಗ್ಗಿತು, ಸ್ನೇಹ ಬೇಡವಾಯಿತು. ಹಸಿವೇ ಬುದ್ಧಿಯನ್ನು ಹೀಗೆ ಕದಡುವುದಾದರೆ, ಅಂತಹ ಮಗುವನ್ನು "ಹಟಮಾರಿ" ಎಂದು ಬಯ್ದು ಪ್ರಯೋಜನವೇನು?

ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಚಿಕಿತ್ಸೆಯಲ್ಲಿ, ತೂಕ ಮರಳುವವರೆಗೆ ಮಗುವಿನ ಊಟದ ಹೊಣೆಯನ್ನು ತಂದೆತಾಯಿಗಳೇ ಹೊರುತ್ತಾರೆ. ಆ ಹುಡುಗಿಯ ತಾಯಿ ವೈದ್ಯರ ಮಾತಿನಂತೆ ಹಾಗೆಯೇ ಮಾಡಿದರು. ದಿನಕ್ಕೆ ಮೂರು ಬಾರಿ, ಕಣ್ಣೀರಿನ ನಡುವೆಯೂ, ತಟ್ಟೆ ಬರಿದಾಗುವ ತನಕ ಎದುರಿಗೆ ಕುಳಿತರು. ಮುಂದಿನ ವರ್ಷದ ಬಸವ ಜಯಂತಿಯ ದಾಸೋಹದಲ್ಲಿ ಆಕೆ ಗೆಳತಿಯರ ಸಾಲಿನಲ್ಲಿ ಕುಳಿತಿದ್ದಳು. ಒಂದು ಹೋಳಿಗೆಯಲ್ಲಿ ಅರ್ಧ ತಿಂದಳು. ನಾನು ಈ ಸಲ ಏನನ್ನೂ ಹೇಳಲಿಲ್ಲ.